ಅರ್ಥಿಂಗ್ ಗುಂಡಿಗೆ ದಾನಿಗಳು ಬೇಕಾಗಿದ್ದಾರೆ

ನಮ್ಮ ಕಡೆಯ ಯಾವುದೇ ಸಮುದಾಯ ಭವನಕ್ಕೆ ಹೋದಾಗ ಒಂದ್ಸಲ ತಲೆ ಎತ್ತಿ ನೋಡಿ. ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು ಗಿರಗಿರ ತಿರುಗ್ತಿರುತ್ತೆ. ಕುರ್ಚಿಯ ಬೆನ್ನಿಗೆ ಹೆಸರು, ಗೋಡೆ ಗಡಿಯಾರದ ಒಳಗೆ ಹೆಸರು, ನೀರಿನ ಫಿಲ್ಟರ್ ಮೇಲೂ ಹೆಸರು. ನೆಲದೊಳಗೆ ಹೂತ ಅರ್ಥಿಂಗ್ ಪೈಪಿಗೆ ಮಾತ್ರ ಹೆಸರು ಬರೆಸೋಕೆ ಜಾಗವಿಲ್ಲ. ಹಾಗಾಗಿ ಅದಕ್ಕೆ ದಾನಿಯೂ ಇಲ್ಲ. ಬಜೆಟ್ ಮೀರಿತು ಅಂದ ತಕ್ಷಣ ಮೊದಲು ಕತ್ತರಿ ಬೀಳೋದೂ ಅಂಥ ಬಾಬತ್ತುಗಳಿಗೇ.

ನಮ್ಮೂರಲ್ಲಿ ಈಗ ಸಮುದಾಯ ಭವನ ಏಳ್ತಾ ಇದೆ. ಸಮಿತಿಯ ಹಿರಿಯರಾದ ನಮ್ಮ ದೊಡ್ಡಪ್ಪ ಎಲೆಕ್ಟ್ರಿಕಲ್ ಎಸ್ಟಿಮೇಟನ್ನು ವಾಟ್ಸಾಪ್ ಮಾಡಿ, "ನೀನು ಇಂಜಿನಿಯರ್ ಅಲ್ವೇನಪ್ಪ, ಒಂದ್ಸಲ ಕಣ್ಣಾಡಿಸು" ಅಂದರು. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇಂಥ ಮೆಸೇಜ್ ಬಂದಿರುತ್ತೆ. ನೀವು ಬರೆಯೋದು ಕೋಡ್ ಆದರೂ ಊರಿನವರ ಪಾಲಿಗೆ ಇಂಜಿನಿಯರ್ ಅಂದರೆ ಇಂಜಿನಿಯರೇ! ನನ್ನದು ಎಲೆಕ್ಟ್ರಿಕಲ್ ಆದ್ದರಿಂದ ತಪ್ಪಿಸಿಕೊಳ್ಳೋ ದಾರಿಯೂ ಇರಲಿಲ್ಲ. ಪಟ್ಟಿಯಲ್ಲಿ ಹಾಲ್ ನಡುವಿಗೆ ಒಂದು ದೊಡ್ಡ ಝೂಮರ್ ಇತ್ತು, ಬಣ್ಣ ಬದಲಿಸೋ ಸೀಲಿಂಗ್ ಲೈಟ್ ಇತ್ತು. ಅರ್ಥಿಂಗ್ ಇರಲಿಲ್ಲ. ಎಮರ್ಜೆನ್ಸಿ ಲೈಟ್ ಇರಲಿಲ್ಲ. ಇಡೀ ಕಟ್ಟಡಕ್ಕೆ ಒಂದೇ ಒಂದು ಆರ್‌ಸಿಸಿಬಿ ಇತ್ತು.

ಸಮಿತಿಯ ಜೊತೆ ಮೂರು ಭಾನುವಾರ ಕೂತು ಈ ಪಟ್ಟಿಯನ್ನು ಸರಿ ಮಾಡಿದೆವು. ನಿಮ್ಮೂರಿನ ಭವನಕ್ಕೂ ಉಪಯೋಗಕ್ಕೆ ಬರಬಹುದು ಅಂತ ಅದನ್ನೇ ಇಲ್ಲಿ ಬರೀತಿದ್ದೀನಿ.

ಮೋಲ್ಡ್ ಹಾಕೋ ಮುಂಚೆ

ಮನೆ ಅಂದರೆ ಯಾರು ಎಲ್ಲಿ ಮಲಗ್ತಾರೆ, ಎಲ್ಲಿ ಅಡುಗೆ ಮಾಡ್ತಾರೆ ಅಂತ ಗೊತ್ತಿರುತ್ತೆ. ಸಮುದಾಯ ಭವನ ಹಾಗಲ್ಲ. ಬೆಳಿಗ್ಗೆ ಯೋಗ, ಮಧ್ಯಾಹ್ನ ಸ್ವಸಹಾಯ ಸಂಘದ ಸಭೆ, ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳ ಓದು, ಭಾನುವಾರ ಮದುವೆ. ಚುನಾವಣೆ ಬಂದರೆ ಮತಗಟ್ಟೆ, ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಜನ ರಾತ್ರಿ ಕಳೆದದ್ದು ಇಂಥ ಭವನಗಳಲ್ಲೇ. ಹಾಗಾಗಿ ನಾನು ಮೊದಲು ಕೇಳಿದ್ದು ಲೈಟಿನ ಬಗ್ಗೆ ಅಲ್ಲ. "ಒಂದು ವರ್ಷದಲ್ಲಿ ಇಲ್ಲಿ ಏನೇನು ನಡೆಯುತ್ತೆ, ಎಲ್ಲ ಬರೀರಿ" ಅಂದೆ. ಹದಿನಾಲ್ಕು ಕೆಲಸ ಪಟ್ಟಿಯಾದವು. ಪ್ರತಿಯೊಂದಕ್ಕೂ ಯಾರು ಎಲ್ಲಿ ಕೂರ್ತಾರೆ, ಏನನ್ನು ಪ್ಲಗ್‌ಗೆ ಹಾಕ್ತಾರೆ ಅಂತ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದೆವು.

ಇದಕ್ಕೆ ಅವಸರ ಯಾಕೆ ಅಂದರೆ, ಫ್ಯಾನ್ ಬಾಕ್ಸು ಮತ್ತು ವೈರಿನ ಪೈಪುಗಳು ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯೋ ಮುಂಚೆ ಕೂರಬೇಕು. ಮೋಲ್ಡ್ ಹಾಕಿ ಆದಮೇಲೆ "ಇಲ್ಲೊಂದು ಫ್ಯಾನ್ ಬೇಕಿತ್ತು" ಅಂದರೆ ಸ್ಲ್ಯಾಬ್ ಕೊರೆಯಬೇಕು, ಇಲ್ಲವೇ ವೈರನ್ನು ಹೊರಗಡೆ ಎಳೀಬೇಕು. ಹತ್ತು ವರ್ಷ ಕಳೆದ ಮೇಲೆ ಹೊಸದಾಗಿ ವೈರ್ ಎಳೆಯೋಕೆ ಎರಡು ಖಾಲಿ ಪೈಪು ಬಿಟ್ಟಿಡಿ. ಈಗ ಅದಕ್ಕೆ ಆಗೋ ಖರ್ಚು ತೀರಾ ಕಡಿಮೆ.

ಎಷ್ಟು ಕರೆಂಟು ಬೇಕು?

ನಮ್ಮ ಹಾಲ್ 60 ಅಡಿ ಉದ್ದ, 40 ಅಡಿ ಅಗಲ. ಲೆಕ್ಕ ಹೀಗೆ ಬಂತು: ಹಾಲಿನ ಲೈಟು ಸುಮಾರು 1 ಕಿಲೋವ್ಯಾಟ್. ಇಪ್ಪತ್ತು ಬಿಎಲ್‌ಡಿಸಿ ಫ್ಯಾನಿಗೆ 0.7. ಇವೇ ಹಳೆ ಮಾದರಿಯ ಫ್ಯಾನಾದರೆ 1.5. ಅಡುಗೆಮನೆಯ ಗ್ರೈಂಡರ್, ಮಿಕ್ಸಿ, ಎಕ್ಸಾಸ್ಟ್, ಫ್ರಿಡ್ಜ್ ಸೇರಿ 4. ನೀರಿನ ಮೋಟರ್ 1.5. ವಧು-ವರರ ಕೋಣೆಯ ಎರಡು ಗೀಸರ್ 4. ಸ್ಟೇಜಿನ ಸೌಂಡು, ಲೈಟು 6. ಹೊರಗಿನ ಲೈಟು, ಸೀರಿಯಲ್ ಸೆಟ್ಟು 2. ಒಟ್ಟು ಹೆಚ್ಚುಕಮ್ಮಿ 19 ಕಿಲೋವ್ಯಾಟ್.

ಇಷ್ಟನ್ನೂ ಒಂದೇ ಫೇಸ್ ಮೇಲೆ ಹೊರಿಸಿದರೆ 80 ಆಂಪ್ಸ್ ದಾಟುತ್ತೆ. ಮೂರು ಫೇಸಿಗೆ ಸಮನಾಗಿ ಹಂಚಿದರೆ ಒಂದೊಂದರಲ್ಲಿ 30ರ ಆಸುಪಾಸು. ಹಂಚುವಾಗ ಇನ್ನೊಂದು ಸಂಗತಿ ನೆನಪಿರಲಿ. ನಮ್ಮ ಕಡೆ "ಒಂದು ಫೇಸ್ ಹೋಗಿದೆ" ಅನ್ನೋದು ಮಾಮೂಲು. ಹಾಲಿನ ಲೈಟುಗಳನ್ನು ಒಂದು ಬಿಟ್ಟು ಒಂದರಂತೆ ಬೇರೆ ಬೇರೆ ಫೇಸಿಗೆ ಕೊಟ್ಟರೆ ಒಂದು ಫೇಸ್ ಹೋದರೂ ಹಾಲ್ ಕತ್ತಲಾಗಲ್ಲ.

ದೊಡ್ಡಪ್ಪನ ಚಿಂತೆ ಬೇರೆಯೇ ಇತ್ತು. "ಮದುವೆ ಇರೋದು ವರ್ಷಕ್ಕೆ ಹತ್ತೋ ಹದಿನೈದೋ. 19 ಕಿಲೋವ್ಯಾಟ್ ಮಂಜೂರು ಮಾಡಿಸ್ಕೊಂಡ್ರೆ ತಿಂಗಳು ತಿಂಗಳೂ ನಿಗದಿತ ಶುಲ್ಕ ಯಾರು ಕಟ್ಟೋದು?" ನ್ಯಾಯವಾದ ಪ್ರಶ್ನೆಯೇ. ಯೂನಿಟ್ ಸುಡಲಿ, ಬಿಡಲಿ, ಆ ಶುಲ್ಕ ಬಂದೇ ಬರುತ್ತೆ. ಹಾಗಂತ ಕಡಿಮೆ ಬರೆಸಿ ಹೆಚ್ಚು ಎಳೆದರೆ ದಂಡ. ಕೊನೆಗೆ ಹೀಗೆ ತೀರ್ಮಾನ ಮಾಡಿದೆವು: ಒಳಗಿನ ವೈರು, ಮೇನ್ ಪ್ಯಾನೆಲ್ ಎಲ್ಲ ಪೂರ್ತಿ ಲೋಡಿಗೆ. ಮಂಜೂರಾತಿ ಸಾಧಾರಣ ಮದುವೆಗೆ ಸಾಕಾಗುವಷ್ಟಕ್ಕೆ. ಆರ್ಕೆಸ್ಟ್ರಾದಂಥ ದೊಡ್ಡ ಕಾರ್ಯಕ್ರಮಕ್ಕೆ ಸೌಂಡ್‌ನವರು ಅವರದ್ದೇ ಜನರೇಟರ್ ತರಬೇಕು. ಮಂಜೂರಾದ ಲೋಡನ್ನು ಮುಂದೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಗೋಡೆಯೊಳಗಿನ ತೆಳು ವೈರನ್ನು ಅರ್ಜಿ ಕೊಟ್ಟು ದಪ್ಪ ಮಾಡೋಕಾಗಲ್ಲ.

"ಟ್ರಿಪ್ ಆಗುತ್ತೆ ಸಾರ್!"

ದೊಡ್ಡ ಚರ್ಚೆ ನಡೆದದ್ದು ಆರ್‌ಸಿಸಿಬಿ ವಿಷಯಕ್ಕೆ. ವೈರಿಂಗ್ ವಹಿಸಿಕೊಂಡಿದ್ದ ಅಣ್ಣ ಅನುಭವಸ್ಥರು. "ಹಾಕೋದೇನೋ ಹಾಕ್ತೀನಿ ಸಾರ್. ಮಳೆಗಾಲದಲ್ಲಿ ಧಾರೆ ಟೈಮಿಗೆ ಟ್ರಿಪ್ ಆಗುತ್ತೆ, ಎಲ್ಲಾರೂ ನನ್ನೇ ಬೈತಾರೆ. ಆಮೇಲೆ ಯಾರೋ ಬಂದು ಡೈರೆಕ್ಟ್ ಮಾಡಿ ಹೋಗ್ತಾರೆ" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಹಾಗಂತ ಅದನ್ನು ಬಿಡೋ ಹಾಗೂ ಇಲ್ಲ. ಎಂಸಿಬಿ ಇದೆಯಲ್ಲ, ಸಾಕು ಅಂತ ಬಹಳ ಜನ ನಂಬಿದ್ದಾರೆ. ಎಂಸಿಬಿ ಕಾಯೋದು ವೈರನ್ನ, ಮನುಷ್ಯನನ್ನಲ್ಲ. 16 ಆಂಪ್ಸಿನ ಎಂಸಿಬಿ ಅಷ್ಟು ಕರೆಂಟು ಹರಿಯೋವರೆಗೂ ಸುಮ್ಮನಿರುತ್ತೆ. ಮನುಷ್ಯನ ಜೀವ ತೆಗೆಯೋಕೆ ಅದರ ನೂರರಲ್ಲಿ ಒಂದು ಪಾಲೂ ಬೇಕಾಗಿಲ್ಲ. ಆರ್‌ಸಿಸಿಬಿ, ಹೋದ ಕರೆಂಟು ಮತ್ತು ವಾಪಸ್ ಬಂದ ಕರೆಂಟು ಎರಡನ್ನೂ ತಾಳೆ ನೋಡುತ್ತೆ. 30 ಮಿಲಿಆಂಪ್ಸ್, ಅಂದರೆ 0.03 ಆಂಪ್ಸ್ ಯಾರದೋ ಮೈಮೂಲಕ ಸೋರಿದರೂ ಕಣ್ಣು ಮಿಟುಕಿಸೋದರೊಳಗೆ ಕಡಿದು ಹಾಕುತ್ತೆ. ಒದ್ದೆ ನೆಲದ ಅಡುಗೆಮನೆ, ನೀರು ಚಿಮುಕಿಸಿದ ಹೂವಿನ ಜೊತೆ ಸೀರಿಯಲ್ ಸೆಟ್ಟು ಸುತ್ತಿಕೊಂಡ ಕಬ್ಬಿಣದ ಮಂಟಪ, ಬರಿಗಾಲಿನ ಮಕ್ಕಳು. ಇದು ಅತ್ಯಗತ್ಯವಾಗಿ ಬೇಕಿರೋ ಜಾಗ ಇದಕ್ಕಿಂತ ಇನ್ನೊಂದಿಲ್ಲ.

ಸಮಸ್ಯೆ ಇದ್ದದ್ದು ಆರ್‌ಸಿಸಿಬಿಯಲ್ಲಲ್ಲ, ಇಡೀ ಕಟ್ಟಡಕ್ಕೆ ಒಂದೇ ಇದ್ದದ್ದರಲ್ಲಿ. ಹಿತ್ತಲಿನ ಲೈಟಿಗೆ ಮಳೆನೀರು ಇಳಿದರೆ ಮಂಟಪ ಕತ್ತಲಾಗುತ್ತೆ. ಕತ್ತಲಾದರೆ ಯಾರಾದರೂ ಬೈಪಾಸ್ ಮಾಡೇ ಮಾಡ್ತಾರೆ, ಮುಹೂರ್ತ ಕಾಯಲ್ಲವಲ್ಲ! ಅದಕ್ಕೇ ಐದು ಭಾಗ ಮಾಡಿದೆವು: ಹಾಲಿನ ಲೈಟು-ಫ್ಯಾನು, ಸ್ಟೇಜು, ಅಡುಗೆಮನೆ, ಕೋಣೆಗಳು-ಶೌಚಾಲಯ, ಹೊರಾಂಗಣ. ಪ್ರತಿ ಭಾಗಕ್ಕೂ ಅದರದ್ದೇ ಆರ್‌ಸಿಸಿಬಿ, ಅದರದ್ದೇ ನ್ಯೂಟ್ರಲ್. ಒಂದು ಭಾಗದ ನ್ಯೂಟ್ರಲ್ ಇನ್ನೊಂದಕ್ಕೆ ಬೆರೆತರೂ ಕಾರಣವಿಲ್ಲದೆ ಟ್ರಿಪ್ ಆಗ್ತಾ ಇರುತ್ತೆ. ಈಗ ಹೊರಗಡೆ ಸೋರಿಕೆಯಾದರೆ ಹೊರಗಿನದ್ದಷ್ಟೇ ಹೋಗುತ್ತೆ. ಇದನ್ನು ಕೇಳಿ ಅಣ್ಣ, "ಹಿಂಗಾದ್ರೆ ಸರಿ ಸಾರ್, ನಾನೇ ಬೈಸ್ಕೊಳ್ಳೋದು ತಪ್ತು" ಅಂತ ನಕ್ಕರು.

ಇನ್ನು ಅರ್ಥಿಂಗ್. ಗ್ರೈಂಡರಿನ ಮೈಗೆ ಕರೆಂಟು ಬಂದಾಗ, ಯಾರೂ ಮುಟ್ಟೋ ಮುಂಚೆಯೇ ಅದು ಭೂಮಿಗೆ ಇಳಿದು ಆರ್‌ಸಿಸಿಬಿಯನ್ನು ಬೀಳಿಸಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದು ಬೀಳೋದು ಯಾರಾದರೂ ಮುಟ್ಟಿದ ಮೇಲೆ. ಗುಂಡಿ ತೋಡಿ ಪೈಪು ಹೂತರಷ್ಟೇ ಸಾಲದು, ಮೀಟರಿನಲ್ಲಿ ಅಳೆದು ಓಮ್ಸ್ ಎಷ್ಟು ಬಂತು ಅಂತ ಬರೆದು ಕೊಡೋಕೆ ಹೇಳಿ. ಇದನ್ನೆಲ್ಲ ಸರ್ಕಾರಿ ಲೈಸೆನ್ಸ್ ಇರೋ ಗುತ್ತಿಗೆದಾರರ ಕೈಲೇ ಮಾಡಿಸಿ.

ಬೆಂಕಿಕಡ್ಡಿ ಸಿಕ್ಕಿಸೋ ಪದ್ಧತಿ

ಪ್ಲಗ್ ಇಲ್ಲದ ಬರಿ ವೈರನ್ನು ಸಾಕೆಟ್ಟಿಗೆ ತುರುಕಿ, ಬೀಳದ ಹಾಗೆ ಬೆಂಕಿಕಡ್ಡಿ ಸಿಕ್ಕಿಸೋದನ್ನು ನೀವೂ ನೋಡಿರ್ತೀರಿ. ಸೌಂಡ್ ಸಿಸ್ಟಮಿನವರು ನೇರವಾಗಿ ಮೇನ್ ಬೋರ್ಡಿಗೇ ಕೈ ಹಾಕಿ ಕರೆಂಟು ತಗೊಳ್ಳೋದೂ ಇದೆ. ಅವರನ್ನು ಬೈದು ಪ್ರಯೋಜನವಿಲ್ಲ, ಬೇಕಾದ ಕಡೆ ಬೇಕಾದಷ್ಟು ಪಾಯಿಂಟ್ ಕೊಡದಿದ್ದರೆ ಅವರಾದರೂ ಏನು ಮಾಡ್ತಾರೆ? ಸ್ಟೇಜಿನ ಪಕ್ಕ, ಮುಚ್ಚಳವಿರೋ ಪೆಟ್ಟಿಗೆಯಲ್ಲಿ 32 ಆಂಪ್ಸಿನ ಒಂದು ಇಂಡಸ್ಟ್ರಿಯಲ್ ಸಾಕೆಟ್, ನಾಲ್ಕು 16 ಆಂಪ್ಸಿನವು, ಅವಕ್ಕೆ ಅವುಗಳದ್ದೇ ಬ್ರೇಕರ್ ಕೊಟ್ಟೆವು. ವಿಡಿಯೋದವರಿಗೆ ಹಾಲಿನ ನಡುಭಾಗದ ಕಂಬಗಳಲ್ಲಿ ಪಾಯಿಂಟ್. ಊಟದ ಸಾಲಿನ ಕೊನೆಯಲ್ಲಿ ಐಸ್‌ಕ್ರೀಮಿನವರಿಗೆ ಒಂದು. ಜನ ಓಡಾಡೋ ದಾರಿಗೆ ಅಡ್ಡಲಾಗಿ ವೈರ್ ಎಳೆಯೋ ಅಗತ್ಯವೇ ಬೀಳಬಾರದು.

ಬೆಳಕಿನ ಲೆಕ್ಕ

ನಮ್ಮ ಹಾಲ್ 223 ಚದರ ಮೀಟರ್. ಸರಾಸರಿ 200 ಲಕ್ಸ್ ಬೆಳಕು ಬೇಕು ಅಂದರೆ ನೆಲಕ್ಕೆ ಬೀಳಬೇಕಾದ್ದು ಸುಮಾರು 44,600 ಲ್ಯುಮೆನ್. ಗೋಡೆ, ಸೀಲಿಂಗ್ ನುಂಗೋದು, ಧೂಳು ಕೂರೋದು ಎಲ್ಲ ಕಳೆದರೆ ಲೈಟಿನಿಂದ ಹೊರಟಿದ್ದರಲ್ಲಿ ಅರ್ಧದಷ್ಟೇ ಕೆಳಗೆ ಬರುತ್ತೆ. ಹಾಗಾಗಿ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಬೇಕು. 4,000 ಲ್ಯುಮೆನ್ ಕೊಡೋ 40 ವ್ಯಾಟಿನ ಎಲ್‌ಇಡಿ ಪ್ಯಾನೆಲ್ ಆದರೆ 24. ನಾಲ್ಕು ಸಾಲು, ಸಾಲಿಗೆ ಆರು. ಮಕ್ಕಳು ಓದೋ ಪಕ್ಕದ ಕೋಣೆಗೆ 300 ಲಕ್ಸ್ ಲೆಕ್ಕ ಹಿಡಿದೆವು.

ಸ್ವಿಚ್ಚುಗಳು ಸ್ಟೇಜಿಗೆ ಸಮಾನಾಂತರವಾದ ಸಾಲಿಗೊಂದರಂತೆ ಇರಲಿ. ಪ್ರೊಜೆಕ್ಟರ್ ಹಾಕಿದಾಗ ಮುಂದಿನ ಸಾಲು ಮಾತ್ರ ಆರಿಸಬಹುದು, ಹತ್ತು ಜನರ ಸಭೆಗೆ 24 ಲೈಟು ಉರಿಯೋದೂ ತಪ್ಪುತ್ತೆ. ಫ್ಯಾನಿನ ರೆಕ್ಕೆಗಿಂತ ಮೇಲೆ ಲೈಟು ಬಂದರೆ ನೆರಳು ಮಿಣಮಿಣ ಅಂದು ತಲೆನೋವು ಬರುತ್ತೆ. ಲೈಟು ಎರಡು ಫ್ಯಾನಿನ ನಡುವೆ ಬರಲಿ. ಬಣ್ಣಕ್ಕೆ 4,000 ಕೆಲ್ವಿನ್ ಆರಿಸಿಕೊಂಡೆವು. ಅಚ್ಚ ಬಿಳಿಯ 6,500ರಲ್ಲಿ ಮದುಮಗಳ ಮುಖವೂ ಊಟದ ಎಲೆಯೂ ಪೇಲವ. ಡಬ್ಬದ ಮೇಲೆ ಸಿಆರ್‌ಐ 80ಕ್ಕಿಂತ ಹೆಚ್ಚಿದೆಯಾ ನೋಡಿ, ಇಲ್ಲದಿದ್ದರೆ ರೇಷ್ಮೆ ಸೀರೆಯ ಬಣ್ಣವೇ ಬೇರೆ ಕಾಣುತ್ತೆ. ಅಂಗಡಿಯಲ್ಲೇ ಲೈಟ್ ಉರಿಸಿ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ. ಕಳಪೆ ಡ್ರೈವರ್ ಆದರೆ ಸೆಕೆಂಡಿಗೆ 100 ಸಲ ಮಿನುಗೋದು ಎದ್ದು ಕಾಣುತ್ತೆ.

ನಕ್ಷೆ ನೋಡ್ತಿದ್ದ ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಹೆಂಗಸರ ಬಚ್ಚಲು ಹಿಂದಗಡೆ ಇದೆಯಲ್ಲ, ರಾತ್ರಿ ಅಲ್ಲಿಗೆ ಹೋಗೋ ದಾರೀಲಿ ಲೈಟ್ ಎಲ್ಲಪ್ಪ?" ಎಲ್ಲೂ ಇರಲಿಲ್ಲ. ಆ ದಾರಿಗೆ ಮೂರು, ಪಾತ್ರೆ ತೊಳೆಯೋ ಜಾಗಕ್ಕೆ ಎರಡು, ಚಪ್ಪಲಿ ಬಿಡೋ ಮೆಟ್ಟಿಲಿಗೆ ಒಂದು ಸೇರಿಸಿದೆವು. ಪ್ಲಾನ್ ಮಾಡೋ ಸಭೆಗೆ ಹೆಂಗಸರನ್ನೂ ಅಡುಗೆ ಭಟ್ಟರನ್ನೂ ಕೂರಿಸಿಕೊಳ್ಳಿ.

ಕತ್ತಲಾದಾಗ

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ತೀರಿಕೊಂಡರು. ಬೆಂಕಿ ಹುಟ್ಟಿದ್ದು ಕೆಳಗಿನ ಪಾರ್ಕಿಂಗಿನಲ್ಲಿದ್ದ ಟ್ರಾನ್ಸ್‌ಫಾರ್ಮರಿನಲ್ಲಿ, ಜನ ಉಸಿರುಗಟ್ಟಿದ್ದು ಮೇಲಿನ ಬಾಲ್ಕನಿಯಲ್ಲಿ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದರು. ಅಲ್ಲಿಯೂ ಎಲೆಕ್ಟ್ರಿಕಲ್ ಡಕ್ಟಿನಿಂದ ಎದ್ದ ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿತ್ತು. ಎರಡು ಕಡೆಯೂ ಜನರನ್ನು ಕಂಗೆಡಿಸಿದ್ದು ಹೊಗೆ.

ಅದಕ್ಕೇ ಜನ ಸೇರೋ ಕಟ್ಟಡಕ್ಕೆ ಹೊಗೆ ಕಡಿಮೆ ಬರೋ ವೈರನ್ನೇ ಹಾಕಿ, ಅದರ ಮೇಲೆ ಎಫ್‌ಆರ್‌ಎಲ್‌ಎಸ್‌ಎಚ್ ಅಂತಲೋ ಹ್ಯಾಲೊಜನ್ ರಹಿತ ಅಂತಲೋ ಇರುತ್ತೆ. ಪೈಪುಗಳು ಸ್ಲ್ಯಾಬ್ ದಾಟೋ ಕಡೆ ಸಂದು ಮುಚ್ಚಿಸಿ. ಮೇನ್ ಬೋರ್ಡನ್ನು ಮೆಟ್ಟಿಲ ಕೆಳಗೆ, ಶಾಮಿಯಾನ, ಜಮಖಾನ ಪೇರಿಸೋ ಜಾಗದಲ್ಲಿ ಇಡಬೇಡಿ. ಪ್ರತಿ ಬಾಗಿಲ ಮೇಲೆ ಬ್ಯಾಟರಿ ಇರೋ 'ಹೊರಗೆ' ಫಲಕ, ಹಾಲಿನ ನಾಲ್ಕು ಲೈಟು ಯುಪಿಎಸ್ ಮೇಲೆ. ಜನರೇಟರ್ ಶುರುವಾಗೋ ಅರ್ಧ ನಿಮಿಷದ ಕತ್ತಲಲ್ಲೇ ನೂಕುನುಗ್ಗಲು ಆಗೋದು.

ಆ ಜನರೇಟರ್ ಜೋಡಿಸೋಕೆ ಚೇಂಜ್‌ಓವರ್ ಸ್ವಿಚ್ ಬೇಕೇ ಬೇಕು. ಅದಿಲ್ಲದೆ ಸುಮ್ಮನೆ ವೈರ್ ಸಿಕ್ಕಿಸಿದರೆ ಕರೆಂಟು ಹಿಮ್ಮುಖವಾಗಿ ರಸ್ತೆಯ ಲೈನಿಗೆ ಹೋಗುತ್ತೆ. ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಅದು ಕುತ್ತು.

ದುಡ್ಡು? ಝೂಮರ್ ಬಿಟ್ಟೆವು. ಅದರ ಹುಕ್ಕೂ ಪೈಪೂ ಸ್ಲ್ಯಾಬಿನಲ್ಲಿವೆ, ಮುಂದೆ ಯಾರಾದರೂ ಕೊಟ್ಟರೆ ಹಾಕಬಹುದು. ಉಳಿದ ಹಣದಲ್ಲಿ ಅರ್ಥಿಂಗ್, ಐದು ಆರ್‌ಸಿಸಿಬಿ, ಚೇಂಜ್‌ಓವರ್, ಎಮರ್ಜೆನ್ಸಿ ಲೈಟು ಅಷ್ಟೂ ಬಂದವು. ದೊಡ್ಡಪ್ಪ ಒಂದು ಉಪಾಯ ಮಾಡಿದರು. ಬೋರ್ಡಿನ ಪಕ್ಕ ಒಂದು ಕಲ್ಲಿನ ಫಲಕ, ಅದರ ಮೇಲೆ 'ಜೀವರಕ್ಷಕ ವೈರಿಂಗ್ ದಾನಿಗಳು'. ಎರಡು ದಿನದಲ್ಲಿ ಏಳು ಹೆಸರು ಬಂತು.

ನಿಮ್ಮೂರಿನಲ್ಲೂ ಇಂಥ ಕೆಲಸ ನಡೀತಿದ್ದರೆ ದುಡ್ಡೇ ಕೊಡಬೇಕಂತಿಲ್ಲ. ಗೋಡೆಗೆ ಪ್ಲಾಸ್ಟರ್ ಆಗೋ ಮುಂಚೆ ಒಂದು ದಿನ ಹೋಗಿ, ಪ್ರತಿ ಗೋಡೆಯ ಫೋಟೋ ತೆಗೀರಿ, ಪಕ್ಕದಲ್ಲಿ ಟೇಪ್ ಹಿಡಿದು. ಎಲ್ಲಿ ಪೈಪಿದೆ ಅಂತ ಗೊತ್ತಿದ್ದರೆ ಮುಂದೆ ಮೊಳೆ ಹೊಡೆಯೋ ಹುಡುಗನಿಗೆ ಶಾಕ್ ಹೊಡೆಯಲ್ಲ. ಫೋಟೋಗಳನ್ನು ಸಮಿತಿಯ ಡ್ರೈವಿಗೆ ಹಾಕಿ, ಸರ್ಕ್ಯೂಟ್ ನಕ್ಷೆಯನ್ನು ಕನ್ನಡದಲ್ಲಿ ಬರೆದು ಬೋರ್ಡಿನ ಬಾಗಿಲೊಳಗೆ ಅಂಟಿಸಿ. ಬೀಗದ ಕೈ ಇಟ್ಟುಕೊಳ್ಳೋರಿಗೆ ಆರ್‌ಸಿಸಿಬಿ ಮೇಲಿನ 'ಟಿ' ಬಟನ್ ತೋರಿಸಿ, ತಿಂಗಳಿಗೊಂದ್ಸಲ ಒತ್ತೋಕೆ ಹೇಳಿ. ಒತ್ತಿದಾಗ ಬೀಳದಿದ್ದರೆ ಅವತ್ತೇ ಬದಲಾಯಿಸಬೇಕು.