ರಿಪೇರಿಯವನ ಹತ್ಯಾರಕ್ಕೆ ರಿಪೇರಿ ಎಲ್ಲಿ?

ಕುಮಟಾ, ಹೊನ್ನಾವರ, ಭಟ್ಕಳ ಪೇಟೆಗಳಲ್ಲಿ ಮಿಕ್ಸರ್ ಕೆಟ್ಟರೆ ಅಂಗಡಿಯಿದೆ, ಟಿವಿ ಕೆಟ್ಟರೆ ಅಂಗಡಿಯಿದೆ, ಇನ್ವರ್ಟರ್ ಕೆಟ್ಟರೂ ಇದೆ. ಆದರೆ ಆ ಅಂಗಡಿಯವನ ಕೈಯಲ್ಲಿರುವ ಹತ್ಯಾರವೇ ಕೆಟ್ಟರೆ ಅವನು ಎಲ್ಲಿಗೆ ಹೋಗಬೇಕು? ಗಿರಾಕಿಗಳು ಈ ಪ್ರಶ್ನೆ ಕೇಳುವುದಿಲ್ಲ. ಅವರ ಕಿವಿಗೆ ಬೀಳುವುದು ಒಂದೇ ಮಾತು: “ಮುಂದಿನ ವಾರ ಬನ್ನಿ.”

ಬಾಡ, ಕಾಗಾಲ, ಗುಡೇಅಂಗಡಿ ಕಡೆಯಿಂದ ಕೆಟ್ಟ ಸೆಟ್ಟನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಂತೇ ಕುಮಟೆಗೆ ಬಂದವನಿಗೆ ‘ಮುಂದಿನ ವಾರ’ ಎಂದರೆ ಇನ್ನೊಂದು ಸಲ ಬಸ್ಸು, ಇನ್ನೊಂದು ದಿನದ ದುಡಿಮೆ ಖೋತಾ. ಹೀಗೆ ಎರಡು ಸಲ ಆದರೆ ಮೂರನೇ ಸಲ ಅವನು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನೇರವಾಗಿ ಹೊಸ ಮಾಲಿನ ಅಂಗಡಿಗೆ ಹೋಗಿ ಕಂತಿನ ಮೇಲೆ ಸಹಿ ಹಾಕುತ್ತಾನೆ. ಅಷ್ಟರಲ್ಲಿ ಊರಿನ ತೀರ್ಪೂ ಆಗಿರುತ್ತದೆ: “ಆ ಮೆಕ್ಯಾನಿಕ್ ಬರೀ ಸತಾಯಿಸೂದು ಮಾರಾಯ್ರೆ, ಕೆಲಸ ಎಂತದೂ ಇಲ್ಲ.”

ಎಷ್ಟೋ ಸಲ ತಪ್ಪು ಮೆಕ್ಯಾನಿಕನದಲ್ಲ. ಅವನ ಮೇಜಿನ ಮೇಲೆ ವಯಸ್ಸಾಗಿ ಕುಳಿತ ಒಂದು ಯಂತ್ರದ್ದು.

ಅದಕ್ಕೆ ಡಿಸೋಲ್ಡರಿಂಗ್ ಸ್ಟೇಷನ್ ಎಂದು ಹೆಸರು. ಹೆಸರು ದೊಡ್ಡದು, ಕೆಲಸ ಸರಳ. ಸೋಲ್ಡರಿಂಗ್ ಐರನ್ ಬೆಸುಗೆ ಹಾಕುತ್ತದೆ. ಇದು ಹಾಕಿದ ಬೆಸುಗೆಯನ್ನು ಬಿಡಿಸುತ್ತದೆ. ಪಿಸ್ತೂಲಿನಂಥ ಹಿಡಿಕೆ, ಅದರ ತುದಿಗೆ ನಡುವೆ ತೂತಿರುವ ಮೂತಿ. ಅದೇ ನಾಝಲ್. ಅದನ್ನು ಕಾಯಿಸಲು ಹೀಟರ್, ಹಿಂದೆ ಗಾಜಿನ ಕೊಳವೆ, ಕೊಳವೆಯ ಕೊನೆಗೆ ಫಿಲ್ಟರ್, ಗಾಳಿ ಎಳೆಯಲು ಒಂದು ಪಂಪು. ಮೂತಿಯನ್ನು ಬೋರ್ಡಿಗೆ ಮುಟ್ಟಿಸಿ, ಬೆಸುಗೆ ಕರಗಿದ ಕೂಡಲೇ ಗುಂಡಿ ಒತ್ತಿದರೆ ಸರ್ರನೆ ಅದು ಕೊಳವೆಗೆ ಬಂದು ಬೀಳುತ್ತದೆ. ಐಸಿಯ ಕಾಲು ಸಡಿಲವಾಗುತ್ತದೆ.

“ಕೈಪಂಪು ಇದ್ಯಲ್ಲ, ಅದು ಸಾಲೂದಿಲ್ವಾ?” ಎಂದು ಕೇಳುವವರಿದ್ದಾರೆ. ಎರಡು ಕಾಲಿನ ಕಂಡೆನ್ಸರಿಗೆ ಸಾಲುತ್ತದೆ. ನಲವತ್ತು ಕಾಲಿನ ಐಸಿಗೆ ಬಂದಾಗ ಕಷ್ಟ. ಎರಡೂ ಬದಿಗೆ ತಾಮ್ರದ ಗೆರೆಯಿರುವ ಬೋರ್ಡಿನಲ್ಲಿ ಬೆಸುಗೆ ತೂತಿನ ಒಳಗೂ ಇಳಿದಿರುತ್ತದೆ. ಒಂದು ಕಾಲಿನಲ್ಲಿ ಚೂರು ಉಳಿದರೂ ಎಳೆದಾಗ ತೂತಿನ ತಾಮ್ರವೇ ಕಿತ್ತು ಬರುತ್ತದೆ. ಆಮೇಲೆ ಹೊಸ ಐಸಿ ತಂದೂ ಉಪಯೋಗವಿಲ್ಲ, ಬೋರ್ಡೇ ಹಾಳು. ಕಸುಬು ಗೊತ್ತಿರುವವನು ಆ ಅಪಾಯಕ್ಕೆ ಕೈ ಹಾಕದೆ “ಮುಂದಿನ ವಾರ” ಎನ್ನುತ್ತಾನೆ. ಅದು ಸೋಮಾರಿತನ ಅಲ್ಲ, ಗಿರಾಕಿಯ ಸೊತ್ತಿನ ಮೇಲಿನ ಕಾಳಜಿ.

ಸವೆಯುವುದು ನಾಲ್ಕೇ ಸಾಮಾನು

ಈ ಯಂತ್ರದಲ್ಲಿ ಹಾಳಾಗುವ ಸಾಮಾನು ಹೆಚ್ಚಿಲ್ಲ. ಬೆಸುಗೆಯಲ್ಲಿರುವ ತವರ ಕಾದಾಗ ನಾಝಲ್‌ನ ಕಬ್ಬಿಣದ ಲೇಪವನ್ನು ದಿನವೂ ಒಂದಿಷ್ಟು ತಿನ್ನುತ್ತದೆ. ಫಿಲ್ಟರ್ ಜಿಡ್ಡು ಕಟ್ಟುತ್ತದೆ. ಪಂಪಿನ ರಬ್ಬರು, ಕೊಳವೆಯ ವಾಶರು ಒಣಗಿ ಬಿರುಕು ಬಿಡುತ್ತವೆ. ಕೊನೆಗೊಂದು ದಿನ ಹೀಟರ್ ಸುಟ್ಟುಹೋಗುತ್ತದೆ. ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಯುರೋಪಿನಲ್ಲಿ 2006ರ ಜುಲೈಯಿಂದ ಎಲೆಕ್ಟ್ರಾನಿಕ್ ಮಾಲಿನಲ್ಲಿ ಸೀಸಕ್ಕೆ ಕಡಿವಾಣ ಬಿದ್ದ ಮೇಲೆ ಜಗತ್ತಿನ ಕಾರ್ಖಾನೆಗಳೆಲ್ಲ ಸೀಸವಿಲ್ಲದ ಬೆಸುಗೆಗೆ ಹೊರಳಿದವು. ಅದು ಕರಗಲು 217 ಡಿಗ್ರಿಯಾದರೂ ಬೇಕು. ಕಾವು ಏರಿತು, ತವರದ ಪಾಲೂ ಏರಿತು, ನಾಝಲ್‌ನ ಆಯುಷ್ಯ ಇಳಿಯಿತು. ಆರೋಗ್ಯದ ದೃಷ್ಟಿಯಿಂದ ಸೀಸ ಹೋದದ್ದು ಒಳ್ಳೆಯದೇ. ಆದರೆ ಅದರ ಖರ್ಚು ಬಂದು ಬಿದ್ದದ್ದು ರಿಪೇರಿಯವನ ಮೇಜಿನ ಮೇಲೆ.

ಕೆಟ್ಟ ಸಾಮಾನಿನ ಬೆಲೆ ನೂರರ ಲೆಕ್ಕ. ಹೆಸರುವಾಸಿ ಕಂಪನಿಯ ಹೊಸ ಯಂತ್ರದ ಬೆಲೆ ಹತ್ತಾರು ಸಾವಿರದ ಲೆಕ್ಕ. ನೂರರ ಸಾಮಾನು ಸಿಗದೆ ಸಾವಿರಗಳ ಯಂತ್ರ ಮೂಲೆ ಸೇರುವುದು, ಎಮ್ಮೆಯ ಹಗ್ಗ ಹರಿಯಿತೆಂದು ಎಮ್ಮೆಯನ್ನೇ ಮಾರಿದ ಹಾಗೆ.

ಇದಕ್ಕೊಂದು ಕಾರಣ ಮಾಡೆಲ್ ಬದಲಾವಣೆ. ಜಪಾನಿನ ಹಕ್ಕೋ ಕಂಪನಿಯ ಉದಾಹರಣೆ ನೋಡಬಹುದು. ಬಹಳ ಕಾಲ ನಡೆದ ಅದರ 808 ನಮೂನೆಯ ಗನ್ ನಿಂತು ಎಫ್‌ಆರ್-300 ಬಂತು. ಅದೂ ನಿಂತು ಎಫ್‌ಆರ್-301 ಬಂತು. 300ಕ್ಕೆ ಎನ್50 ಸರಣಿಯ ನಾಝಲ್, 301ಕ್ಕೆ ಎನ್61. ಸುಧಾರಣೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಹೊಸ ನಮೂನೆ ಬಂದ ದಿನವೇ ಹಳೆಯ ಯಂತ್ರ ಸಾಯುವುದಿಲ್ಲ. ಅದು ಕೈಯಿಂದ ಕೈಗೆ, ದೊಡ್ಡ ಶಹರದಿಂದ ಸಣ್ಣ ಪೇಟೆಗೆ ಸೆಕೆಂಡ್ ಹ್ಯಾಂಡಾಗಿ ಇಳಿದು ಬರುತ್ತದೆ. ಹೀಗೆ ಹಳೇ ಯಂತ್ರ ಕರಾವಳಿಗೆ ಬರುವ ಹೊತ್ತಿಗೆ ಅದರ ಬಿಡಿಭಾಗ ಎಸ್.ಪಿ. ರೋಡಿನಲ್ಲೂ ಅಪರೂಪವಾಗಿರುತ್ತದೆ.

ಪೆಟ್ರೋಮ್ಯಾಕ್ಸ್ ಕಲಿಸಿದ ಪಾಠ

ಹಳಬರಿಗೆ ಗ್ಯಾಸ್‌ಲೈಟಿನ ಕಾಲ ನೆನಪಿರಬಹುದು. ಕರೆಂಟಿಲ್ಲದ ಊರಿನ ಗದ್ದೆಯಲ್ಲಿ ಬಯಲಾಟ ಬೆಳಗಿನ ತನಕ ನಡೆದದ್ದು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ. ಅದು ಹೊರದೇಶದಲ್ಲಿ ಹುಟ್ಟಿದ ದೀಪ. ಆದರೂ ಈ ಊರಿನದೇ ಆಗಿ ಬಾಳಿತು. ಹೇಗೆ? ಮ್ಯಾಂಟಲ್ ಉದುರಿದರೆ ಕಿರಾಣಿ ಅಂಗಡಿಯಲ್ಲಿ ಮ್ಯಾಂಟಲ್ ಸಿಗುತ್ತಿತ್ತು. ನಿಪ್ಪಲ್ ಕಟ್ಟಿದರೆ ಪಿನ್ನು, ಪಂಪು ಗಾಳಿ ಹಿಡಿಯದಿದ್ದರೆ ಚರ್ಮದ ವಾಶರು. ಅದೂ ಸಿಗದಿದ್ದರೆ ಹಳೇ ವಾಶರಿಗೆ ಒಂದು ಹನಿ ತೆಂಗಿನೆಣ್ಣೆ. ಒಂದು ಕಂಪನಿಯ ಮ್ಯಾಂಟಲ್ ಇನ್ನೊಂದರ ದೀಪಕ್ಕೆ ಕಟ್ಟಲು ಬರುತ್ತಿತ್ತು. ಸೈಕಲ್ಲಿನ ಕಥೆಯೂ ಅದೇ, ಹೊಲಿಗೆ ಯಂತ್ರದ ಕಥೆಯೂ ಅದೇ. ಒಂದು ಯಂತ್ರ ಊರಿನಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಅದರ ಬಣ್ಣ, ಬ್ರ್ಯಾಂಡು ತೀರ್ಮಾನಿಸಲಿಲ್ಲ. ಅದರ ವಾಶರು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ತೀರ್ಮಾನಿಸಿತು.

ಈಗ ದಾರಿಯೇನೋ ಸುಲಭವಾಗಿದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮುಂಬೈ ಒಂದು ರಾತ್ರಿಯ ಪ್ರಯಾಣ. 2021ರಿಂದ ಸರಕಾರಿ ಬಸ್ಸಿನಲ್ಲಿ ‘ನಮ್ಮ ಕಾರ್ಗೋ’ ಪಾರ್ಸೆಲ್ ಬಂತು. ಮೊಬೈಲಿನಲ್ಲಿ ಬೆರಳು ಒತ್ತಿದರೆ ಚೀನಾದ ಮಾಲೂ ಮನೆ ಬಾಗಿಲಿಗೆ. ಆದರೆ ದಾರಿ ಇದ್ದರೆ ಸಾಲದು, ಬರುವ ಸಾಮಾನು ಸರಿಯಾಗಿ ಕೂರಬೇಕು. ಚಿತ್ರದಲ್ಲಿ ಅದೇ ರೀತಿ ಕಾಣುವ ಹೀಟರ್ ಕೈಗೆ ಬಂದಾಗ ತಂತಿ ಬೇರೆ, ಒಳಗಿನ ಸೆನ್ಸರ್ ಬೇರೆ. ಸೆನ್ಸರ್ ಹೊಂದದಿದ್ದರೆ ಕಾವು ಹದ್ದು ಮೀರಿ ಬೋರ್ಡು ಸುಡುತ್ತದೆ, ಇಲ್ಲವೇ ಬೆಸುಗೆ ಕರಗುವುದೇ ಇಲ್ಲ. ವಾಪಸು ಕಳಿಸುವ ಖರ್ಚು ಸಾಮಾನಿನ ಬೆಲೆಗಿಂತ ಹೆಚ್ಚು.

ಇದರ ಬಿಸಿ ಮೀನುಗಾರರಿಗೂ ತಟ್ಟುತ್ತದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ತದಡಿಯಲ್ಲಾಗಲಿ ಭಟ್ಕಳದಲ್ಲಾಗಲಿ ಬೋಟಿನ ಸಾಮಾನನ್ನೆಲ್ಲ ದುರಸ್ತಿ ಮಾಡಿಸಿಕೊಳ್ಳಲು ಇರುವ ಸಮಯ ಅದೇ. ವಯರ್‌ಲೆಸ್ಸು, ಮೀನು ತೋರಿಸುವ ಸೆಟ್ಟು, ಜಿಪಿಎಸ್ಸು, ಎಲ್ಲದರೊಳಗೂ ಬೋರ್ಡೇ. ಉಪ್ಪುಗಾಳಿಗೆ ಕಿಲುಬು ಹಿಡಿದ ಬೋರ್ಡು ಬಿಚ್ಚಬೇಕಾದ ಆ ಎರಡು ತಿಂಗಳಲ್ಲೇ ಮೆಕ್ಯಾನಿಕನ ಯಂತ್ರ ಮಲಗಿದರೆ? ಆಗಸ್ಟ್ ಒಂದಕ್ಕೆ ಬೋಟು ಹೊರಡಬೇಕು; ಕಡಲು ಮುಂದಿನ ವಾರಕ್ಕೆ ಕಾಯುವುದಿಲ್ಲ.

ದಿಲ್ಲಿಯ ಪಟ್ಟಿಯಲ್ಲಿ ಏನಿಲ್ಲ?

ಸರಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಅದಕ್ಕಾಗಿ ಜಾಲತಾಣ ತೆರೆಯಿತು. ಕೃಷಿ ಯಂತ್ರ, ಮೊಬೈಲು-ಎಲೆಕ್ಟ್ರಾನಿಕ್ಸು, ಗೃಹಬಳಕೆಯ ಮಾಲು, ವಾಹನ ಎಂಬ ನಾಲ್ಕು ವಿಭಾಗ. ಯಾವ ಮಾಲು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಬಗ್ಗೆ 2024ರಲ್ಲಿ ಇನ್ನೊಂದು ಸಮಿತಿಯಾಗಿ, 2025ರ ಮೇ ತಿಂಗಳಲ್ಲಿ ವರದಿಯೂ ಬಂತು. ಫ್ರಾನ್ಸಿನಲ್ಲಿ ಇಂಥ ಅಂಕ 2021ರಿಂದಲೇ ಮಾಲಿನ ಮೇಲೆ ಕಾಣುತ್ತಿದೆ.

ಎಲ್ಲ ಸರಿ. ಆದರೆ ಈ ನಾಲ್ಕು ವಿಭಾಗದಲ್ಲಿ ಮೆಕ್ಯಾನಿಕನ ಮೇಜು ಎಲ್ಲಿದೆ? ಗಿರಾಕಿಯ ಫೋನಿಗೆ ಬಿಡಿಭಾಗ ಸಿಗಬೇಕು ಎಂದ ದಿಲ್ಲಿಗೆ, ಆ ಬಿಡಿಭಾಗ ಕೂರಿಸುವವನ ಹತ್ಯಾರಕ್ಕೂ ಬಿಡಿಭಾಗ ಬೇಕು ಎಂದು ಹೊಳೆದಿಲ್ಲ. ರಿಪೇರಿಯ ಹಕ್ಕು ಕಾಗದದಲ್ಲಿ ಗಿರಾಕಿಯದು. ಕೆಲಸದಲ್ಲಿ ಅದು ಮೆಕ್ಯಾನಿಕನ ಕೈಯಲ್ಲಿದೆ. ಅವನ ಕೈ ಕಟ್ಟಿಹೋದರೆ ಹಕ್ಕೂ ಕಟ್ಟಿಹೋಗುತ್ತದೆ. ಬೆಸುಗೆಯ ಹತ್ಯಾರ ಮಾರುವ ಕಂಪನಿಗಳೂ, ಮಾಡೆಲ್ ನಿಲ್ಲಿಸಿದ ಮೇಲೆ ಇಷ್ಟು ವರ್ಷ ನಾಝಲ್, ಫಿಲ್ಟರ್, ಹೀಟರ್ ಕೊಡುತ್ತೇವೆ ಎಂದು ಡಬ್ಬಿಯ ಮೇಲೆ ಬರೆಯುವಂತಾಗಬೇಕು.

ದಿಲ್ಲಿ ಏಳುವ ತನಕ ಈ ಕಡೆ ಸುಮ್ಮನೆ ಕೂರಬೇಕಾಗಿಲ್ಲ. “ವರ್ಷಕ್ಕೆ ಎರಡು ಹೋಗೂ ಸಾಮಾನಿಗೆ ದುಡ್ಡು ಹಾಕಿ ಕೂತ್ಕಳೂಕೆ ಆಗ್ತದಾ?” ಎಂದು ಎಲೆಕ್ಟ್ರಾನಿಕ್ಸ್ ಸಾಮಾನಿನ ವ್ಯಾಪಾರಿ ಕೇಳಿದರೆ ಅದರಲ್ಲಿ ನ್ಯಾಯವಿದೆ. ಒಂದು ಅಂಗಡಿಗೆ ಎರಡಾದರೆ, ಮೂರು ತಾಲೂಕಿನ ಅಂಗಡಿಗಳು ಸೇರಿದರೆ? ಯಾರಲ್ಲಿ ಯಾವ ಮಾಡೆಲ್ ಇದೆ, ಯಾವ ನಂಬರಿನ ನಾಝಲ್ ಬೇಕು ಎಂದು ಒಂದು ಪಟ್ಟಿ ಮಾಡಿ ಮಳೆಗಾಲಕ್ಕೆ ಮುಂಚೆ ಒಟ್ಟಿಗೆ ತರಿಸಿದರೆ ಬೆಲೆಯೂ ಇಳಿಯುತ್ತದೆ, ಪಾರ್ಸೆಲ್ ಖರ್ಚೂ ಹಂಚಿಹೋಗುತ್ತದೆ. ಸತ್ತ ಯಂತ್ರವನ್ನು ಗುಜರಿಗೆ ತೂಗಿ ಹಾಕುವ ಬದಲು ಬಿಚ್ಚಿಟ್ಟುಕೊಂಡರೆ ಅದರ ಪಂಪು ಇನ್ನೊಬ್ಬನ ಯಂತ್ರವನ್ನು ಎಬ್ಬಿಸೀತು. ಹೊಸದು ಕೊಳ್ಳುವವರು ಎಷ್ಟು ವಾಟ್ ಎಂದು ಕೇಳುವ ಮೊದಲು ನಾಝಲ್ ಎಲ್ಲಿ ಸಿಗುತ್ತದೆ ಎಂದು ಕೇಳಬೇಕು. ಉತ್ತರ ಬಾರದ ಅಂಗಡಿಯಲ್ಲಿ ದುಡ್ಡು ಬಿಚ್ಚಬಾರದು.

ಪ್ರತಿದಿನ ಕೊಳವೆ ಖಾಲಿ ಮಾಡಿ, ಬಿಸಿಯಿರುವಾಗಲೇ ನಾಝಲ್‌ಗೆ ಪಿನ್ನು ಹಾಕಿ, ಜಿಡ್ಡು ಕಟ್ಟಿದ ಫಿಲ್ಟರ್ ಬದಲಿಸಿ, ಕೆಲಸವಿಲ್ಲದಾಗ ಸ್ವಿಚ್ ಆರಿಸುವುದು ಮೆಕ್ಯಾನಿಕನ ಪಾಲಿನ ಕರ್ತವ್ಯ. ಅದನ್ನು ಮಾಡದವನಿಗೆ ಕಂಪನಿಯನ್ನು ಬೈಯುವ ಅಧಿಕಾರವಿಲ್ಲ.

ಒಂದು ರಿಪೇರಿ ಅಂಗಡಿ ಬಾಗಿಲು ಹಾಕಿದರೆ ಪಕ್ಕದ ಹೊಸ ಮಾಲಿನ ಅಂಗಡಿಗೆ ಲಾಭ ಎಂದು ಯಾರಾದರೂ ತಿಳಿದಿದ್ದರೆ ಅದು ಅರ್ಧ ಲೆಕ್ಕ. ಕೆಟ್ಟರೆ ಸರಿಮಾಡುವವರು ಊರಲ್ಲೇ ಇದ್ದಾರೆ ಎಂಬ ಧೈರ್ಯದ ಮೇಲೆ ಜನ ಹೊಸ ಮಾಲನ್ನೂ ಕೊಳ್ಳುತ್ತಾರೆ. ಆ ಧೈರ್ಯ ಹೋದ ದಿನ ಎರಡೂ ಅಂಗಡಿಯ ಗಲ್ಲಾಪೆಟ್ಟಿಗೆ ಹಗುರಾಗುತ್ತದೆ. ಮಳೆಗಾಲಕ್ಕೆ ಮುಂಚೆ ವ್ಯಾಪಾರಿಗಳೂ ಮೆಕ್ಯಾನಿಕರೂ ಒಂದು ಸಂಜೆ ಕೂತು ಆ ಪಟ್ಟಿ ಬರೆಯಲು ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು. ಬರೆಯುವರೇ?