ಒಂದು ತಲಾಂತಿನ ಬೆಲೆ

‘ನಮ್ಮ ಹುಡುಗಿಗೆ ಟ್ಯಾಲೆಂಟ್ ಇಲ್ಲ’ ಎಂಬ ಮಾತು ಶಾಲೆಗೆ ಬರುವ ತಾಯಿತಂದೆಗಳ ಬಾಯಿಂದ ಆಗಾಗ್ಗೆ ಕೇಳಿಬರುತ್ತದೆ. ಹಾಡಿ, ಕುಣಿದು, ಚಿತ್ರ ಬರೆದು ಸಭೆಯ ಚಪ್ಪಾಳೆಯನ್ನು ಗಳಿಸಿದ ಬಾಲಕಿಗೆ ಮಾತ್ರ ಈ ಇಂಗ್ಲಿಷ್ ಪದವು ಸಲ್ಲತಕ್ಕದ್ದೆಂದು ಲೋಕರೂಢಿಯಾಗಿದೆ. ಆದರೆ ಪದದ ಹುಟ್ಟನ್ನೂ ಅದು ನಡೆದುಬಂದ ದಾರಿಯನ್ನೂ ವಿಚಾರಿಸಿದರೆ ಈ ರೂಢಿಯು ಎಷ್ಟು ಸಂಕುಚಿತವಾದುದೆಂಬುದು ತಿಳಿದುಬರುವುದು.

ಪ್ರಾಚೀನ ಗ್ರೀಕರ ‘ತಾಲಂತೊನ್’ ಎಂಬ ಶಬ್ದಕ್ಕೆ ತಕ್ಕಡಿ ಎಂದರ್ಥ. ತಕ್ಕಡಿಯಲ್ಲಿ ತೂಗಿದ ಭಾರಕ್ಕೂ, ಅಷ್ಟು ಭಾರದ ಬೆಳ್ಳಿಯ ಬೆಲೆಗೂ ಅದೇ ಹೆಸರಾಯಿತು. ಅಥೆನ್ಸಿನ ಒಂದು ತಲಾಂತು ಸುಮಾರು ೨೬ ಕಿಲೋಗ್ರಾಂ ತೂಗುತ್ತಿತ್ತು. ಎತ್ತು, ಹೊರು ಎಂಬ ಅರ್ಥವುಳ್ಳ ಅತಿ ಪುರಾತನ ಧಾತುವಿನಿಂದ ಇದು ಹುಟ್ಟಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದ ‘ತುಲಾ’ ಶಬ್ದವೂ ಅದೇ ಧಾತುವಿನ ಸಂತತಿ. ಆದುದರಿಂದ ನಾವು ಆಡುವ ‘ತುಲನೆ’, ‘ತುಲಾಭಾರ’ ಎಂಬ ಮಾತುಗಳು ಟ್ಯಾಲೆಂಟಿಗೆ ದೂರದ ಬಂಧುಗಳು.

ಲ್ಯಾಟಿನಿನ ಮೂಲಕ ಪಶ್ಚಿಮಕ್ಕೆ ಸಾಗಿದ ಈ ಪದಕ್ಕೆ ಹಳೆಯ ಫ್ರೆಂಚಿನಲ್ಲಿ ಮನಸ್ಸಿನ ಒಲವು ಎಂಬ ಅರ್ಥವು ಬಂದಿತು; ತಕ್ಕಡಿಯ ತಟ್ಟೆ ವಾಲುವಂತೆ ಮನಸ್ಸೂ ಒಂದೆಡೆಗೆ ವಾಲುವುದಷ್ಟೆ. ದೇವರಿತ್ತ ಸಾಮರ್ಥ್ಯವೆಂಬ ಅರ್ಥವು ಇಂಗ್ಲಿಷಿನಲ್ಲಿ ನೆಲೆಗೊಂಡುದು ೧೫ನೆಯ ಶತಮಾನದಲ್ಲಿ. ಅದಕ್ಕೆ ಕಾರಣವಾದುದು ಮತ್ತಾಯನ ಸುವಾರ್ತೆಯ ೨೫ನೆಯ ಅಧ್ಯಾಯದ ಸಾಮ್ಯವು. ನಮ್ಮ ಕನ್ನಡ ಬೈಬಲಿನಲ್ಲಿಯೂ ‘ತಲಾಂತು’ ಎಂಬ ರೂಪವೇ ಉಳಿದಿದೆ.

ಯಜಮಾನನೊಬ್ಬನು ಪರದೇಶಕ್ಕೆ ಹೊರಡುವಾಗ ಒಬ್ಬ ಆಳಿಗೆ ಐದು, ಮತ್ತೊಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು ತಲಾಂತನ್ನು ಒಪ್ಪಿಸಿದನು. ಒಂದನ್ನು ಪಡೆದವನು ಅದನ್ನು ನೆಲದಲ್ಲಿ ಹೂಳಿಟ್ಟನು. ಆ ಒಂದು ಅಲ್ಪವೆಂದು ನಾವು ಎಣಿಸುತ್ತೇವೆ. ಲೆಕ್ಕವು ಬೇರೆಯೇ ಹೇಳುತ್ತದೆ. ಒಂದು ತಲಾಂತಿಗೆ ಸುಮಾರು ೬,೦೦೦ ದಿನಾರಿಯಸ್ ನಾಣ್ಯಗಳು. ಅದೇ ಸುವಾರ್ತೆಯ ೨೦ನೆಯ ಅಧ್ಯಾಯದಂತೆ ಕೂಲಿಯವನ ಒಂದು ದಿನದ ಸಂಬಳ ಒಂದು ದಿನಾರಿಯಸ್. ವರುಷಕ್ಕೆ ೩೦೦ ದಿನ ದುಡಿದರೂ ಒಂದು ತಲಾಂತನ್ನು ಗಳಿಸಲು ೨೦ ವರುಷ ಬೇಕು! ಅತಿ ಕಡಮೆ ಪಡೆದವನ ಕೈಯಲ್ಲಿಯೂ ಇದ್ದುದು ಒಂದು ದೊಡ್ಡ ನಿಧಿಯೇ.

ಇನ್ನೊಂದು ಅಂಶವನ್ನು ವಾಚಕರು ಗಮನಿಸಬೇಕು. ಯಜಮಾನನು ಅವರವರ ಸಾಮರ್ಥ್ಯವನ್ನು ನೋಡಿ ತಲಾಂತುಗಳನ್ನು ಹಂಚಿದನೆಂದು ಅಲ್ಲಿ ಹೇಳಿದೆ. ಅಂದಮೇಲೆ ಕಥೆಯಲ್ಲಿ ಸಾಮರ್ಥ್ಯವೇ ಬೇರೆ, ತಲಾಂತೇ ಬೇರೆ. ತಲಾಂತೆಂಬುದು ನಂಬಿ ಒಪ್ಪಿಸಿದ ಸೊತ್ತು, ದುಡಿಸುವುದಕ್ಕೆ ದೊರೆತ ಅವಕಾಶ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನನು ಆಡಿದ ಮೆಚ್ಚುಗೆಯ ಮಾತು ಒಂದೇ. ಅಲ್ಲಿ ಮೊದಲನೆಯ ಬಹುಮಾನ, ಎರಡನೆಯ ಬಹುಮಾನಗಳಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಟ್ಯಾಲೆಂಟ್ ಇಲ್ಲದ ಬಾಲಕಿಯೇ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯ ಲೆಕ್ಕವನ್ನು ತಪ್ಪಿಲ್ಲದೆ ಬರೆಯುವವಳು, ರೋಗಿಯ ಮಗ್ಗುಲಲ್ಲಿ ಬೇಸರವಿಲ್ಲದೆ ಕುಳಿತಿರುವವಳು, ತಮ್ಮತಂಗಿಯರಿಗೆ ತಾಳ್ಮೆಯಿಂದ ಅಕ್ಷರ ಕಲಿಸುವವಳು ವೇದಿಕೆಯನ್ನು ಏರದಿರಬಹುದು. ಆದರೆ ಅವಳಿಗೂ ಇಪ್ಪತ್ತು ವರುಷದ ಕೂಲಿಗೆ ಸಮನಾದುದು ಒಪ್ಪಿಸಲ್ಪಟ್ಟಿದೆ.

ಮೂರನೆಯ ಆಳು ತನ್ನ ಪಾಲನ್ನು ಹೂಳಿದುದು ಕುಡಿದು ಕಳೆಯುವ ದುರ್ಬುದ್ಧಿಯಿಂದಲ್ಲ, ಭಯದಿಂದ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಭಯಪಡುವವರೂ ಗುಂಡಿ ತೋಡುವವರೂ ಬಹುಮಟ್ಟಿಗೆ ಹಿರಿಯರೇ. ಹತ್ತನೆಯ ತರಗತಿ ಮುಗಿದೊಡನೆ ‘ಇವಳಿಗೆ ಇಷ್ಟು ಸಾಕು’ ಎನ್ನುವುದು, ದೂರದ ಕಾಲೇಜೆಂದು ಅಂಜುವುದು, ತಮ್ಮನ ಓದಿಗಾಗಿ ಅಕ್ಕನ ಓದನ್ನು ನಿಲ್ಲಿಸುವುದು, ಇವೆಲ್ಲವೂ ಹೂಳುವ ಕಾರ್ಯವೇ. ಹೂಳಿಟ್ಟ ಬೆಳ್ಳಿಯಾದರೋ ಅಗೆದಾಗ ಹಾಗೆಯೇ ದೊರೆಯುವುದು. ಹದಿನಾರನೆಯ ವಯಸ್ಸು ಹಾಗೆ ದೊರೆಯುವುದಿಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮಗಳಲ್ಲಿ ಟ್ಯಾಲೆಂಟ್ ಉಂಟೇ ಎಂದು ಕೇಳಬೇಡಿರಿ, ಅವಳಿಗೆ ಒಪ್ಪಿಸಿರುವುದನ್ನು ದುಡಿಸಲು ಎಡೆಗೊಟ್ಟಿದ್ದೇವೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಸಂಪಾದನೆಯುಳ್ಳವರು ಇಂತಹ ಒಬ್ಬ ಬಾಲಕಿಯ ಮುಂದಿನ ಓದಿಗೆ ಕೈಗೊಟ್ಟರೆ, ಅವರ ತಲಾಂತೂ ಎರಡಾಗುವುದು.