ನಸೀಬು ಅಲ್ಲ, ಲೆಕ್ಕ

ರಾಯಚೂರು ಜಿಲ್ಲೆಯ ಮಟ್ಕಾ ಪ್ರಕರಣಗಳಲ್ಲಿ ಪದೇ ಪದೇ ಕಾಣುವ ಮಾತೊಂದಿದೆ: ಒಂದು ರೂಪಾಯಿಗೆ ಎಂಬತ್ತು ರೂಪಾಯಿ, ಇದು ನಸೀಬಿನ ಆಟ. ದೇವದುರ್ಗವಿರಲಿ, ಮಾನ್ವಿಯಿರಲಿ, ಚೀಟಿ ಬರೆಯುವವನ ಮಾತು ಇದೇ. ನೂರು ಜೋಡಿ ಅಂಕಿಗಳಲ್ಲಿ ಬರುವುದು ಒಂದು. ಅದಕ್ಕೆ ಎಂಬತ್ತು ಕೊಟ್ಟರೆ ಆಡಿಸುವವನಿಗೆ ನೂರಕ್ಕೆ ಇಪ್ಪತ್ತು ಉಳಿಯುತ್ತದೆ. ಇದರಲ್ಲಿ ನಸೀಬು ಎಲ್ಲಿ ಬಂತು? ಅವನದು ಶುದ್ಧ ವ್ಯಾಪಾರ. ನಸೀಬು ಚೀಟಿ ಹಿಡಿದವನ ಪಾಲಿಗೆ ಮಾತ್ರ.

ಓದಿದ ಹುಡುಗರು ಮಟ್ಕಾ ಎಂದರೆ ಮೂಗು ಮುರಿಯುತ್ತಾರೆ. ಗೋವಾದ ಕ್ಯಾಸಿನೊ, ಮೊಬೈಲಿನ ರಮ್ಮಿ ಅವರ ಪ್ರಕಾರ ಜೂಜಲ್ಲ, ಬುದ್ಧಿಯ ಆಟ. ತಂತ್ರ ಕಲಿತರೆ ಗೆಲ್ಲಬಹುದಂತೆ. ಸರಿ, ತಂತ್ರಕ್ಕೆ ಅತಿ ಹೆಚ್ಚು ಬೆಲೆಯಿರುವ ಯಂತ್ರವನ್ನೇ ನೋಡೋಣ.

ವಿಡಿಯೋ ಪೋಕರ್ ಯಂತ್ರ ಐದು ಇಸ್ಪೀಟ್ ಎಲೆ ತೋರಿಸುತ್ತದೆ. ಬೇಕಾದವನ್ನು ಇಟ್ಟುಕೊಂಡು ಉಳಿದವನ್ನು ಒಮ್ಮೆ ಬದಲಿಸಬಹುದು. ಗುಲಾಮನ ಜೋಡಿ ಅಥವಾ ಅದಕ್ಕಿಂತ ಮೇಲಿನದು ಬಂದರೆ ಹಣ. ತಂತ್ರವೂ ಇದೆ. ಗುಲಾಮ, ರಾಣಿ, ರಾಜ, ಎಕ್ಕಗಳ ಜೋಡಿ ಸಿಕ್ಕರೆ, ಒಂದೇ ಜಾತಿಯ ನಾಲ್ಕು ಎಲೆಗಳ ಆಸೆಗೆ ಅದನ್ನು ಮುರಿಯಬಾರದು. ಸಣ್ಣ ಜೋಡಿಯಾದರೆ ಮುರಿದು ಆ ನಾಲ್ಕನ್ನೇ ಹಿಡಿಯಬೇಕು. ಜೋಡಿಯ ಜೊತೆಗೆ ಒಂಟಿ ಎಕ್ಕವನ್ನು ಇಟ್ಟುಕೊಳ್ಳಬಾರದು. ಪೂರ್ತಿ ಐದು ನಾಣ್ಯ ಹಾಕಿ ಆಡಬೇಕು, ಇಲ್ಲದಿದ್ದರೆ ದೊಡ್ಡ ಬಹುಮಾನ ಕಡಿಮೆಯಾಗುತ್ತದೆ.

ಇಷ್ಟನ್ನೂ ಒಂದು ತಪ್ಪಿಲ್ಲದೆ ಮಾಡಿದರೆ? ಫುಲ್ ಹೌಸಿಗೆ 9, ಫ್ಲಶ್ಶಿಗೆ 6 ಕೊಡುವ ಯಂತ್ರ ಸರಾಸರಿ ನೂರಕ್ಕೆ 99.54 ಹಿಂದಿರುಗಿಸುತ್ತದೆ. ಅದೇ ಯಂತ್ರದಲ್ಲಿ ಆ ಅಂಕಿಗಳನ್ನು 8 ಮತ್ತು 5 ಮಾಡಿದರೆ 97.3. ಎಲೆಗಳು ಅವೇ, ಬುದ್ಧಿಯೂ ಅದೇ, ಗಾಜಿನ ಮೇಲಿನ ಎರಡು ಅಂಕಿ ಮಾತ್ರ ಬದಲಾದವು. ಹಾಗಾದರೆ ನಿಜವಾದ ತಂತ್ರ ಯಾರದು? ಎಲೆ ಹಿಡಿದವನದೋ, ಪಟ್ಟಿ ಬರೆದವನದೋ?

'ಮಟ್ಕಾದಲ್ಲಿ ಇಪ್ಪತ್ತು ಹೋಗುತ್ತದೆ, ಇಲ್ಲಿ ಮೂರೇ' ಎನ್ನಬಹುದು. ಮಟ್ಕಾದ ಅಂಕಿಗೆ ಗಂಟೆಗಟ್ಟಲೆ ಕಾಯಬೇಕು. ಐವತ್ತು ರೂಪಾಯಿ ಕಟ್ಟಿದವನು ಸರಾಸರಿ ಹತ್ತು ಕಳೆದುಕೊಳ್ಳುತ್ತಾನೆ. ಯಂತ್ರದಲ್ಲಿ ಆಟಕ್ಕೆ ಐವತ್ತರಂತೆ ಗಂಟೆಗೆ ಐನೂರು ಆಟ ಆಡಿದರೆ ಇಪ್ಪತ್ತೈದು ಸಾವಿರ ಹಾಕಿದಂತಾಯಿತು. 97.3ರ ಯಂತ್ರದಲ್ಲಿ ಗಂಟೆಗೆ ಸರಾಸರಿ 675 ರೂಪಾಯಿ ನಷ್ಟ, ಅದೂ ತಪ್ಪಿಲ್ಲದೆ ಆಡಿದರೆ! ಅತ್ಯುತ್ತಮ ತಂತ್ರ ಕೊಡುವುದು ಗೆಲುವನ್ನಲ್ಲ, ನಿಧಾನವಾಗಿ ಸೋಲುವ ಸೌಲಭ್ಯವನ್ನು.

ಕಾನೂನೂ ಈ 'ಕೌಶಲ್ಯ'ದ ಸುತ್ತ ಸುತ್ತಿದೆ. ರಮ್ಮಿ ಕೌಶಲ್ಯದ ಆಟವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ. ಆನ್‌ಲೈನ್ ಜೂಜು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳ ನಿಷೇಧಕ್ಕೆ ಕಾಯ್ದೆ ಮಾಡಿತು. ಈ ವಾದಗಳ ನಡುವೆ ಮರೆತುಹೋದ ಸಂಗತಿ ಒಂದೇ. ಕೌಶಲ್ಯ ಒಬ್ಬ ಆಟಗಾರನನ್ನು ಇನ್ನೊಬ್ಬನಿಗಿಂತ ಮೇಲಿಡಬಹುದು, ಆದರೆ ಪ್ರತಿ ಆಟದಿಂದಲೂ ಪಾಲು ತೆಗೆಯುವ ಆಡಿಸುವವನು ಯಾರು ಗೆದ್ದರೂ ಸೋಲುವುದಿಲ್ಲ. ಶಕುನಿಯ ದಾಳ ಹಿಡಿದು ಧರ್ಮರಾಯ ಎಷ್ಟು ಚೆನ್ನಾಗಿ ಆಡಿದರೇನು?

ಕಾಲುವೆಯ ಕೊನೆಭಾಗದ ರೈತ ಕೇಳಬಹುದು: 'ನಮ್ಮ ಒಕ್ಕಲುತನವೇ ಜೂಜಲ್ಲವೇ? ನೀರು ಬರಲಿಲ್ಲ, ಹತ್ತಿಗೆ ಬೆಲೆ ಸಿಗಲಿಲ್ಲ.' ಅವನ ನೋವು ನಿಜ. ಆದರೆ ಹೊಲದಲ್ಲಿ ಸೋಲನ್ನು ಮೊದಲೇ ಅಚ್ಚುಹಾಕಿಟ್ಟಿಲ್ಲ. ಅಲ್ಲಿ ಬೆವರಿನಿಂದ ಭತ್ತ ಬೆಳೆಯುತ್ತದೆ, ಇಲ್ಲಿ ಹಣ ಕೈ ಬದಲಿಸುತ್ತದೆ ಅಷ್ಟೆ. ನೀರು ಮತ್ತು ಬೆಲೆಗೆ ಸರ್ಕಾರವನ್ನು ಕೇಳುವ ಹಕ್ಕು ಅವನಿಗಿದೆ. ಆ ಹಕ್ಕನ್ನು ಮರೆಸಿ, ಬೆಂಗಳೂರಿಗೆ ಗುಳೆ ಹೋದ ಮಗನ ಕೂಲಿಯನ್ನೂ ನುಂಗುವುದು ಈ ನಸೀಬಿನ ಮಾತು.

ಮಸೀದಿಯಲ್ಲಿ ಜೂಜು ಹರಾಮ್ ಎನ್ನುತ್ತೇವೆ, ಠಾಣೆಯವರು ಚೀಟಿ ಬರೆಯುವವನನ್ನು ಹಿಡಿಯುತ್ತಾರೆ. ಎರಡೂ ಸರಿ, ಎರಡೂ ಸಾಲದು. ಪಾಪವೆಂದರೆ ಹೆದರದ ಹುಡುಗ ಲೆಕ್ಕ ಕಂಡರೆ ನಿಂತಾನು. ನೂರಕ್ಕೆ ಎಂಬತ್ತು ಎಂಬ ಗಣಿತವನ್ನು ಮದರಸಾದಲ್ಲೂ ಸರ್ಕಾರಿ ಶಾಲೆಯಲ್ಲೂ ಹಲಗೆಯ ಮೇಲೆ ಬರೆದು ಕಲಿಸಬೇಕು. ಆಡಿಸುವವನಿಗೆ ಈ ಲೆಕ್ಕ ಬಾಯಿಪಾಠ. ಆಡುವವನ ಮನೆಯ ಮಕ್ಕಳಿಗೂ ಅದು ಗೊತ್ತಿರಲಿ.